ಮಿಥ್ಯಾಚಿಕಿತ್ಸೆಯೂ ರಾಜದಂಡವೂ

ವೈದ್ಯನ ಕೈಯಲ್ಲಿ ರೋಗಿಯು ಸತ್ತರೆ, ಅಥವಾ ಶಸ್ತ್ರಪ್ರಯೋಗದಿಂದ ಅಂಗಹೀನನಾದರೆ, ಅದನ್ನು ದೈವಕ್ಕೆ ಬಿಡತಕ್ಕದ್ದೆ, ಹಣದ ಪರಿಹಾರದಿಂದ ಮುಗಿಸತಕ್ಕದ್ದೆ, ಇಲ್ಲವೆ ರಾಜನು ನಿಗ್ರಹಿಸತಕ್ಕ ಅಪರಾಧವೆಂದೇ ಎಣಿಸತಕ್ಕದ್ದೆ ಎಂಬ ಪ್ರಶ್ನೆಯು ಆಂಗ್ಲರ ನ್ಯಾಯಾಸ್ಥಾನಗಳೊಡನೆ ಈ ದೇಶಕ್ಕೆ ಬಂದುದೆಂದು ಹಲವರು ಭಾವಿಸಿರುವರು. ಅದು ಸರಿಯಲ್ಲ. ಧರ್ಮಶಾಸ್ತ್ರ, ಅರ್ಥಶಾಸ್ತ್ರ, ಆಯುರ್ವೇದ ಈ ಮೂರರಲ್ಲಿಯೂ ಈ ಪ್ರಶ್ನೆಗೆ ಉತ್ತರವುಂಟು. ಆದರೆ ಮೂರರ ಉತ್ತರವೂ ಒಂದೇ ಅಲ್ಲ. ಈ ವಿಚಾರಕ್ಕೆ ಮುಖ್ಯವಾದ ಎರಡು ಗ್ರಂಥಗಳ ಇತಿಹಾಸವು ಕನ್ನಡನಾಡಿಗೆ ಸೇರಿದುದು. ಒಂದು, ಕಲ್ಯಾಣದಲ್ಲಿ ಹುಟ್ಟಿದ ಮಿತಾಕ್ಷರೆ. ಇನ್ನೊಂದು, ಮೈಸೂರಿನಲ್ಲಿ ಮರಳಿ ಬೆಳಕು ಕಂಡ ಕೌಟಿಲ್ಯನ ಅರ್ಥಶಾಸ್ತ್ರ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಹಸಪ್ರಕರಣದೊಳಗೆ ವೈದ್ಯನನ್ನು ಕುರಿತು ಒಂದೇ ಒಂದು ಶ್ಲೋಕವಿರುವುದು. ಮಿಥ್ಯೆಯಾಗಿ ಆಚರಿಸುವ ಭಿಷಕ್ಕಿಗೆ ಪಶುಗಳ ವಿಷಯದಲ್ಲಿ ಪ್ರಥಮಸಾಹಸವೂ, ಮನುಷ್ಯರ ವಿಷಯದಲ್ಲಿ ಮಧ್ಯಮಸಾಹಸವೂ, ರಾಜಪುರುಷರ ವಿಷಯದಲ್ಲಿ ಉತ್ತಮಸಾಹಸವೂ ದಂಡವೆಂಬುದು ಅದರ ತಾತ್ಪರ್ಯ. ಯಾಜ್ಞವಲ್ಕ್ಯನ ಗಣನೆಯಂತೆ ಉತ್ತಮಸಾಹಸವು ೧೦೮೦ ಪಣ, ಮಧ್ಯಮವು ೫೪೦, ಪ್ರಥಮವು ೨೭೦. ಮನುವೂ ಒಂಬತ್ತನೆಯ ಅಧ್ಯಾಯದಲ್ಲಿ ಇದನ್ನೇ ವಿಧಿಸಿರುವನು. ಅಲ್ಲಿ ರಾಜಪುರುಷರ ಮಾತಿಲ್ಲ. ಆದರೆ ‘ಎಲ್ಲ ಚಿಕಿತ್ಸಕರಿಗೂ’ ಎಂಬ ವಿಶೇಷಣವಿದೆ. ಅದೇ ಅಧ್ಯಾಯದಲ್ಲಿ ಅವನು ಸರಿಯಾಗಿ ಕೆಲಸ ಮಾಡದ ಚಿಕಿತ್ಸಕರನ್ನು ಲಂಚಕೋರರು, ಜೂಜುಗಾರರು, ಕಪಟಿಗಳು ಇವರ ಪಂಕ್ತಿಯಲ್ಲಿ ಕೂರಿಸಿ, ಬಹಿರಂಗವಾಗಿ ವಂಚಿಸುವ ಕಳ್ಳರೆಂದು ಕರೆದಿರುವನು.

ಈ ಎಲ್ಲ ವಚನಗಳ ಭಾರವೂ ‘ಮಿಥ್ಯಾ’ ಎಂಬ ಒಂದು ಅವ್ಯಯದ ಮೇಲೆ ನಿಂತಿದೆ. ಆ ಶಬ್ದಕ್ಕೆ ಎರಡು ಅರ್ಥಗಳು ಸಲ್ಲುವುವು. ವೇದಾಂತಿಗಳ ಬಾಯಲ್ಲಿ ಮಿಥ್ಯೆಯೆಂದರೆ ಸುಳ್ಳು, ಇಲ್ಲದುದು ಇದ್ದಂತೆ ತೋರುವುದು. ವೈದ್ಯರ ಪರಿಭಾಷೆಯಲ್ಲಾದರೋ ಮಿಥ್ಯೆಯೆಂದರೆ ತಪ್ಪಾದ ರೀತಿಯ ಪ್ರಯೋಗ. ಚರಕನು ಅತಿಯೋಗ, ಅಯೋಗಗಳ ಜೊತೆಗೆ ಹೇಳುವ ಮಿಥ್ಯಾಯೋಗವು ಈ ಎರಡನೆಯ ಅರ್ಥದ್ದು. ಮೊದಲನೆಯ ಅರ್ಥವನ್ನು ಹಿಡಿದರೆ ಸುಳ್ಳುವೈದ್ಯನು ಮಾತ್ರ ದಂಡಾರ್ಹನಾಗುವನು. ಎರಡನೆಯದನ್ನು ಹಿಡಿದರೆ ಓದು ಬಲ್ಲ ವೈದ್ಯನೂ ಕೈತಪ್ಪಿ ನಡೆದಾಗ ರಾಜನ ಮುಂದೆ ನಿಲ್ಲಬೇಕಾಗುವುದು. ಒಂದು ಪದದ ಅರ್ಥದಲ್ಲಿ ಇಷ್ಟು ಮನುಷ್ಯರ ಪ್ರಾಣವೂ ಮಾನವೂ ಅಡಗಿದೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ಕಲ್ಯಾಣದಲ್ಲಿದ್ದುಕೊಂಡು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಮೊದಲನೆಯ ಅರ್ಥವನ್ನೇ ಸ್ವೀಕರಿಸಿದನು. ಆಯುರ್ವೇದವನ್ನು ಅರಿಯದವನಾಗಿದ್ದರೂ ಹೊಟ್ಟೆಪಾಡಿಗಾಗಿ ತಾನು ಚಿಕಿತ್ಸೆಯನ್ನು ಬಲ್ಲೆನೆಂದು ಹೇಳಿಕೊಂಡು ಪಶುಗಳಿಗೂ ಮನುಷ್ಯರಿಗೂ ರಾಜಪುರುಷರಿಗೂ ಔಷಧೋಪಚಾರ ಮಾಡುವವನೇ ಈ ದಂಡಕ್ಕೆ ಗುರಿಯೆಂಬುದು ಅವನ ವಿವರಣೆ. ಗ್ರಂಥದ ಸಮಾಪ್ತಿವಾಕ್ಯವು ಅವನನ್ನು ಪರಮಹಂಸ ಪರಿವ್ರಾಜಕನೆಂದು ಕರೆಯುವುದು. ಸಂನ್ಯಾಸಿಗೆ ಮಿಥ್ಯಾಶಬ್ದದ ವೇದಾಂತಾರ್ಥವೇ ಮೊದಲು ಹೊಳೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅವನ ನಿರ್ಣಯಕ್ಕೆ ಬೇರೆ ಆಧಾರವೂ ಉಂಟು. ಅರಿಯದೆ ಅರಿತೆನೆಂದು ಹೇಳಿ ಹಣ ತೆಗೆಯುವುದರಲ್ಲಿ ಬುದ್ಧಿಪೂರ್ವಕವಾದ ದೋಷವಿದೆ. ಸಾಹಸಪ್ರಕರಣದಲ್ಲಿ ವಿಚಾರಿಸತಕ್ಕದ್ದು ಅಂತಹ ದೋಷವನ್ನೇ. ಔಷಧಮಂತ್ರಗಳನ್ನೂ ರೋಗದ ತತ್ತ್ವವನ್ನೂ ಅರಿಯದೆ ರೋಗಿಗಳಿಂದ ದ್ರವ್ಯವನ್ನು ಪಡೆಯುವ ಭಿಷಕ್ಕನ್ನು ಕಳ್ಳನಂತೆ ದಂಡಿಸಬೇಕೆಂದು ಬೃಹಸ್ಪತಿಯೂ ಹೇಳಿರುವನು.

ಅದೇ ವಿಜ್ಞಾನೇಶ್ವರನು ಮುಂದುವರಿದು, ದಂಡದ ಗುರುಲಘುತ್ವವನ್ನು ಪಶುವಿನ ಬೆಲೆ, ಮನುಷ್ಯನ ವರ್ಣ, ರಾಜನಿಗೆ ಅವನಿರುವ ಸಾಮೀಪ್ಯ ಇವುಗಳನ್ನು ನೋಡಿ ಕಲ್ಪಿಸಬೇಕೆಂದಿರುವನು. ಇದು ಈ ದೇಶಕ್ಕೆ ಮಾತ್ರ ಸೇರಿದ ದೋಷವಲ್ಲ. ಕ್ರಿಸ್ತಪೂರ್ವ ೧೮ನೆಯ ಶತಮಾನದ ಬಾಬಿಲೋನಿಯಾದ ದೊರೆ ಹಮ್ಮುರಾಬಿಯ ಶಾಸನದಲ್ಲಿ, ಕಂಚಿನ ಕತ್ತಿಯಿಂದ ಕೊಯ್ದು ಕುಲೀನನೊಬ್ಬನನ್ನು ಕೊಂದ ಶಸ್ತ್ರವೈದ್ಯನ ಕೈಯನ್ನು ಕಡಿಯಬೇಕೆಂದೂ, ಸತ್ತವನು ದಾಸನಾಗಿದ್ದರೆ ಬದಲಿಗೆ ಇನ್ನೊಬ್ಬ ದಾಸನನ್ನು ಕೊಟ್ಟರೆ ಸಾಕೆಂದೂ ಇದೆ. ಸತ್ತವನ ಅಂತಸ್ತಿನಿಂದ ವೈದ್ಯನ ತಪ್ಪನ್ನು ಅಳೆಯುವ ಈ ಕ್ರಮವು ಎಲ್ಲಿಯದಾದರೂ ಸ್ವೀಕಾರಯೋಗ್ಯವಲ್ಲ. ಸ್ಮೃತಿಯು ಪಶುಚಿಕಿತ್ಸೆಯನ್ನೂ ದಂಡದ ವ್ಯಾಪ್ತಿಯೊಳಗೆ ತಂದುದು ಮಾತ್ರ ಗಮನಾರ್ಹವಾಗಿದೆ. ಮಿತಾಕ್ಷರೆಯು ಹುಟ್ಟಿದ ಆ ರಾಜವಂಶದಲ್ಲಿಯೇ ವಿಕ್ರಮಾದಿತ್ಯನ ಸೋದರನೆಂದು ವಿದ್ವಾಂಸರು ಹೇಳುವ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದನೆಂಬುದನ್ನು ಇಲ್ಲಿ ನೆನೆಯಬಹುದು. ದನಕ್ಕೆ ಸುಳ್ಳು ಮದ್ದು ಕೊಟ್ಟವನಿಗೆ ದಂಡವನ್ನು ಹೇಳಿದ ಆಸ್ಥಾನವೇ ದನದ ನಿಜವಾದ ಮದ್ದನ್ನು ದೇಶಭಾಷೆಯಲ್ಲಿಯೂ ಹೇಳಿತು.

ಇನ್ನು ಕೌಟಿಲ್ಯನ ಮತವನ್ನು ನೋಡಬೇಕು. ಬಹುಕಾಲ ಹೆಸರಾಗಿ ಮಾತ್ರ ಉಳಿದಿದ್ದ ಅರ್ಥಶಾಸ್ತ್ರದ ಓಲೆಯ ಪ್ರತಿಯೊಂದನ್ನು ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದರು. ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ನಾಲ್ಕನೆಯ ಅಧಿಕರಣವು ಕಂಟಕಶೋಧನ, ಅಂದರೆ ಪ್ರಜೆಗಳಿಗೆ ಮುಳ್ಳಾಗಿರುವವರನ್ನು ಕಿತ್ತುಹಾಕುವುದು. ಮೊದಲನೆಯ ಅಧ್ಯಾಯದಲ್ಲಿ ನೆಯ್ಗೆಯವರು, ಅಗಸರು, ಅಕ್ಕಸಾಲಿಗರು ಇವರ ಮೋಸಗಳಿಂದ ಜನರನ್ನು ಕಾಪಾಡುವ ಬಗೆಯನ್ನು ಹೇಳುತ್ತಾ ವೈದ್ಯನನ್ನೂ ಸೇರಿಸಿರುವನು. ಬಟ್ಟೆ ಹರಿದ ಅಗಸನೂ ಹೊಟ್ಟೆ ಹರಿದ ವೈದ್ಯನೂ ಒಂದೇ ಅಧ್ಯಾಯದಲ್ಲಿ ಬಂದಿರುವುದು ವೈದ್ಯರಿಗೆ ರುಚಿಸಲಿಕ್ಕಿಲ್ಲ. ಆದರೆ ಕೌಟಿಲ್ಯನ ದೃಷ್ಟಿ ಸ್ಪಷ್ಟವಾಗಿದೆ. ಕೂಲಿಯನ್ನು ಪಡೆದು ಪರರ ವಸ್ತುವನ್ನು ಕೈಗೆ ತೆಗೆದುಕೊಂಡವನು ಅದರ ನಾಶಕ್ಕೆ ಉತ್ತರ ಹೇಳಬೇಕು. ಇಲ್ಲಿಯ ವಸ್ತುವು ಶರೀರ.

ವೈದ್ಯನನ್ನು ಕುರಿತು ಅವನು ಹೇಳುವುದು ಮೂರು ಮಾತು. ಪ್ರಾಣಕ್ಕೆ ಅಪಾಯವಿರುವ ರೋಗವನ್ನು ತಿಳಿಸದೆ ಚಿಕಿತ್ಸೆಗೆ ತೊಡಗಿ, ರೋಗಿಯು ಸತ್ತರೆ ವೈದ್ಯನಿಗೆ ಪೂರ್ವಸಾಹಸದಂಡ. ಕರ್ಮದ ಅಪರಾಧದಿಂದ ಸತ್ತರೆ ಮಧ್ಯಮಸಾಹಸ. ಮೂರನೆಯ ಸೂತ್ರದಲ್ಲಿ ಪಾಠಭೇದವಿದೆ. ಶಾಮಶಾಸ್ತ್ರಿಗಳು ‘ಕರ್ಮವಧ’ವೆಂಬ ಪಾಠವನ್ನು ಹಿಡಿದು, ವೈದ್ಯನ ಉದಾಸೀನತೆಯಿಂದ ರೋಗವು ಬೆಳೆದರೆ ಅದನ್ನು ದಂಡಪಾರುಷ್ಯವೆಂದು, ಎಂದರೆ ಹೊಡೆತಬಡಿತದ ಅಪರಾಧವೆಂದು, ಎಣಿಸಬೇಕೆಂದು ಅರ್ಥಮಾಡಿದರು. ೧೯೬೦ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಸಂಶೋಧಿತ ಮುದ್ರಣವನ್ನು ಹೊರತಂದ ಆರ್. ಪಿ. ಕಾಂಗಲೆಯವರು ‘ಮರ್ಮವಧ’ವೆಂದು ಓದಿದರು, ಆಗ ಮರ್ಮಸ್ಥಾನಕ್ಕೆ ಪೆಟ್ಟಾದರೆ ಅಥವಾ ಅಂಗವೈಗುಣ್ಯವುಂಟಾದರೆ ದಂಡಪಾರುಷ್ಯವೆಂದಾಗುವುದು. ಒಂದಕ್ಷರದ ಭೇದದಿಂದ ಸೂತ್ರವು ಮದ್ದಿನ ವೈದ್ಯನನ್ನು ಬಿಟ್ಟು ಶಸ್ತ್ರವೈದ್ಯನ ಕಡೆಗೆ ತಿರುಗುವುದು. ಎರಡನೆಯ ಪಾಠವೇ ಸಾಧುವೆಂದು ತೋರುತ್ತದೆ. ಕರ್ಮದ ಅಪರಾಧವನ್ನು ಹಿಂದಿನ ಸೂತ್ರದಲ್ಲಿಯೇ ಹೇಳಿಯಾಗಿರುವುದರಿಂದ ಮತ್ತೆ ಕರ್ಮಶಬ್ದವು ಬರುವುದು ಪುನರುಕ್ತಿ. ಅಲ್ಲದೆ ಸುಶ್ರುತನು ಶಾರೀರಸ್ಥಾನದಲ್ಲಿ ಎಣಿಸಿರುವ ೧೦೭ ಮರ್ಮಗಳಲ್ಲಿ ೪೪ನ್ನು ವೈಕಲ್ಯಕರಗಳೆಂದು, ಎಂದರೆ ಪೆಟ್ಟಾದರೆ ಪ್ರಾಣ ಹೋಗದೆ ಅಂಗವು ಊನವಾಗುವಂತಹವುಗಳೆಂದು, ಬೇರೆಮಾಡಿರುವನು. ಮರ್ಮವನ್ನೂ ವೈಗುಣ್ಯವನ್ನೂ ಒಟ್ಟಿಗೆ ಹೇಳುವ ಕೌಟಿಲ್ಯನ ಸೂತ್ರಕ್ಕೂ ಈ ವಿಭಾಗಕ್ಕೂ ಇರುವ ಹೊಂದಿಕೆಯು ಆಕಸ್ಮಿಕವಾಗಿರಲಾರದು.

ತಿಳಿಸದೆ ತೊಡಗುವುದೆಂದರೆ ಯಾರಿಗೆ ತಿಳಿಸದೆ? ಮೂಲದಲ್ಲಿ ಯಾರಿಗೆಂಬುದಿಲ್ಲ. ಶಾಮಶಾಸ್ತ್ರಿಗಳು ‘ಸರಕಾರಕ್ಕೆ’ ಎಂದು ಅಧ್ಯಾಹಾರ ಮಾಡಿಕೊಂಡರು. ಎರಡನೆಯ ಅಧಿಕರಣದಲ್ಲಿ, ಮುಚ್ಚಿಟ್ಟ ಗಾಯಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳುವವನ ಸುದ್ದಿಯನ್ನು ವೈದ್ಯನು ಗೋಪಸ್ಥಾನಿಕರೆಂಬ ಅಧಿಕಾರಿಗಳಿಗೆ ಮುಟ್ಟಿಸಬೇಕೆಂದು ಹೇಳಿರುವುದರಿಂದ ಈ ಊಹೆಗೆ ಆಧಾರವಿಲ್ಲದೆ ಇಲ್ಲ. ಆದರೆ ವೈದ್ಯಕಗ್ರಂಥವನ್ನು ನೋಡಿದರೆ ವಿಷಯವು ಇನ್ನಷ್ಟು ವಿಶದವಾಗುವುದು. ಅಶ್ಮರಿಯನ್ನು, ಎಂದರೆ ಮೂತ್ರಕೋಶದ ಕಲ್ಲನ್ನು, ಕೊಯ್ದು ತೆಗೆಯುವ ಸಂದರ್ಭದಲ್ಲಿ ಸುಶ್ರುತನು, ಕ್ರಿಯೆ ಮಾಡದಿದ್ದರೆ ಮರಣವು ನಿಶ್ಚಯ, ಮಾಡಿದರೆ ಸಂಶಯ, ಆದುದರಿಂದ ಈಶ್ವರನನ್ನು ಕೇಳಿ ಮಾಡತಕ್ಕದ್ದೆಂದು ವಿಧಿಸುವನು. ಮೂಢಗರ್ಭದ ಶಸ್ತ್ರಕ್ರಿಯೆಯಲ್ಲಿಯೂ ಅಧಿಪತಿಯ ಅಪ್ಪಣೆಯನ್ನು ಪಡೆಯಬೇಕೆಂದಿದೆ. ಈಶ್ವರ, ಅಧಿಪತಿ ಎಂಬ ಶಬ್ದಗಳು ರಾಜನಿಗೂ ಸಲ್ಲುವುವು, ರೋಗಿಯ ಮನೆಯ ಯಜಮಾನನಿಗೂ ಸಲ್ಲುವುವು. ರೋಗಿಯನ್ನೇ ಕೇಳಬೇಕೆಂಬ ಮಾತು ಎರಡು ಕಡೆಯೂ ಕಾಣುವುದಿಲ್ಲ. ಹೆರಿಗೆಯ ಹಾಸಿಗೆಯ ಮೇಲಿರುವವಳ ಒಪ್ಪಿಗೆಗೆ ಪ್ರಾಚೀನರು ಸ್ಥಾನವನ್ನು ಕೊಡಲಿಲ್ಲವೆಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ.

ಸ್ಮೃತಿಕಾರರು ವೈದ್ಯನೊಬ್ಬನನ್ನೇ ಹಿಡಿದರೆ, ವೈದ್ಯಕಾಚಾರ್ಯರು ದೋಷದ ಅರ್ಧವನ್ನು ರಾಜನ ತಲೆಯ ಮೇಲೆ ಹೊರಿಸಿರುವರು. ಸುಳ್ಳುವೈದ್ಯರು ವೈದ್ಯವೇಷದಲ್ಲಿ ಅಡಗಿ ಲೋಕಕ್ಕೆ ಕಂಟಕರಾಗಿ ರಾಷ್ಟ್ರದಲ್ಲಿ ಸಂಚರಿಸುವುದು ರಾಜರ ಪ್ರಮಾದದಿಂದಲೇ ಎಂಬುದು ಚರಕನ ಅಭಿಪ್ರಾಯ. ಕೌಟಿಲ್ಯನ ಕಂಟಕಶಬ್ದವೇ ಇಲ್ಲಿಯೂ ಬಂದಿರುವುದನ್ನು ಗಮನಿಸಬೇಕು. ಸುಶ್ರುತನೂ, ಕುವೈದ್ಯನು ಲೋಭದಿಂದ ಜನರನ್ನು ಕೊಲ್ಲುವುದು ನೃಪನ ದೋಷದಿಂದ ಎನ್ನುವನು. ಶಾಸ್ತ್ರವನ್ನು ಬಿಟ್ಟು ಕೈಚಳಕವೊಂದನ್ನೇ ನಂಬಿದ ಧೃಷ್ಟನು ರಾಜನಿಂದ ವಧೆಗೆ ಅರ್ಹನೆಂಬ ಕಠಿನವಾದ ಮಾತೂ ಅವನದೇ. ಆದರೆ ಅವನು ದಂಡವನ್ನು ಹೇಳಿ ಸುಮ್ಮನಾದವನಲ್ಲ. ದಂಡಕ್ಕೆ ಅವಕಾಶವೇ ಬಾರದಂತೆ ಶಿಕ್ಷಣದ ಕ್ರಮವನ್ನು ಮೊದಲೇ ಹಾಕಿರುವನು. ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನವನ್ನೂ, ನೀರು ಕೆಸರು ತುಂಬಿದ ತೊಗಲಿನ ಚೀಲಗಳ ಮೇಲೆ ಭೇದನವನ್ನೂ, ಸತ್ತ ಪಶುಗಳ ಸಿರೆ, ತಾವರೆಯ ದಂಟುಗಳ ಮೇಲೆ ವೇಧನವನ್ನೂ, ಬಟ್ಟೆ, ಮೆದುವಾದ ತೊಗಲುಗಳ ಅಂಚಿನಲ್ಲಿ ಹೊಲಿಗೆಯನ್ನೂ ಅಭ್ಯಾಸ ಮಾಡಬೇಕು. ಓದು ಮುಗಿಸಿ, ಕರ್ಮವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ, ರಾಜನ ಅನುಜ್ಞೆಯನ್ನು ಪಡೆದ ಮೇಲೆಯೇ ಬೀದಿಗೆ ಇಳಿಯಬೇಕು. ಇಂದು ವೈದ್ಯಪಟ್ಟಿಯಲ್ಲಿ ಹೆಸರನ್ನು ನೋಂದಾಯಿಸುವುದು ಈ ರಾಜಾನುಜ್ಞೆಯ ಸ್ಥಾನದಲ್ಲಿದೆ.

ಕರ್ಮಾಪರಾಧವನ್ನು ನ್ಯಾಯಾಧಿಪತಿಯು ಯಾವ ಅಳತೆಯಿಂದ ಕಂಡುಹಿಡಿಯಬೇಕೆಂಬುದನ್ನು ಕೌಟಿಲ್ಯನು ಹೇಳಲಿಲ್ಲ. ಅದನ್ನು ಪೂರೈಸುವುದೂ ಸುಶ್ರುತನೇ. ಎಂಟು ಬಗೆಯ ಶಸ್ತ್ರಕರ್ಮದಲ್ಲಿ ನಾಲ್ಕು ವ್ಯಾಪತ್ತುಗಳಿರುವುವು: ಬೇಕಾದುದಕ್ಕಿಂತ ಕಡಿಮೆ ಕೊಯ್ಯುವುದು, ಹೆಚ್ಚು ಕೊಯ್ಯುವುದು, ಓರೆಯಾಗಿ ಕೊಯ್ಯುವುದು, ವೈದ್ಯನು ತನ್ನ ಮೈಯನ್ನೇ ಕೊಯ್ದುಕೊಳ್ಳುವುದು. ಇವಲ್ಲದೆ ಅಜ್ಞಾನ, ಲೋಭ, ಅಹಿತರ ಮಾತು, ಭಯ, ಮೋಹ ಇವುಗಳಿಂದ ಕೆಟ್ಟ ರೀತಿಯಲ್ಲಿ ಶಸ್ತ್ರವನ್ನು ಹಿಡಿದಾಗ ಬೇರೆ ವಿಕಾರಗಳು ಹುಟ್ಟುವುವೆಂದು ಅವನು ಸೇರಿಸಿರುವನು. ಈ ಐದು ಕಾರಣಗಳಲ್ಲಿ ಭಯವೂ ಒಂದೆಂಬುದು ದಂಡವನ್ನು ವಿಧಿಸುವವರು ಯೋಚಿಸತಕ್ಕ ಮಾತು.

ಭಯದ ಪರಿಣಾಮವನ್ನು ತಿಳಿಯಲು ಪುರಾತನಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಹೊನ್ನಾವರ ತಾಲೂಕಿನ ಮಾವಿನಕುರ್ವೆಯಂತಹ ಊರಿನ ರೋಗಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಉಡುಪಿ, ಮಣಿಪಾಲ, ಮಂಗಳೂರುಗಳೇ ಗತಿಯಾಗಿರುವುದು ಉತ್ತರ ಕನ್ನಡದ ಕರಾವಳಿಯ ಜನರ ಬಹುಕಾಲದ ದುಃಖ. ೨೦೨೨ನೆಯ ಇಸವಿ ಜುಲೈ ೨೦ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದ ಕಟ್ಟೆಯಲ್ಲಿ ಉರುಳಿ ನಾಲ್ವರು ಮೃತಪಟ್ಟರು. ಇದು ಯಾವ ವೈದ್ಯನ ಅಪರಾಧವೂ ಅಲ್ಲ. ಆದರೆ ಇಂತಹ ಸೀಮೆಯಲ್ಲಿ ಸಮೀಪದ ವೈದ್ಯನು ಸೆರೆಮನೆಗೆ ಅಂಜಿ, ತಾನು ಮಾಡಬಲ್ಲ ಕ್ರಿಯೆಯನ್ನೂ ಮಾಡದೆ ‘ಮುಂದಕ್ಕೆ ಕರೆದುಕೊಂಡು ಹೋಗಿ’ ಎಂದರೆ, ಸುಶ್ರುತನು ಹೇಳಿದ ಅಕ್ರಿಯೆಯ ನಿಶ್ಚಿತ ಮರಣವು ದಾರಿಯಲ್ಲಿಯೇ ಕಾದಿರುವುದು. ದಂಡವು ಕ್ರೂರವಾದಷ್ಟೂ ಒಳ್ಳೆಯದೆಂಬ ಜನರ ಕೂಗಿಗೆ ಇದು ಉತ್ತರ.

ಈಗಿನ ನ್ಯಾಯಶಾಸ್ತ್ರವು ಈ ಇಕ್ಕಟ್ಟಿನಲ್ಲಿ ಹೇಗೆ ನಡೆದಿದೆಯೆಂಬುದನ್ನು ಸ್ವಲ್ಪದರಲ್ಲಿ ಹೇಳಬಹುದು. ೧೮೬೦ರ ಭಾರತೀಯ ದಂಡಸಂಹಿತೆಗೆ ೧೮೭೦ರಲ್ಲಿ ಸೇರಿದ ೩೦೪-ಎ ಕಲಮಿನಂತೆ ದುಡುಕಿನಿಂದ ಅಥವಾ ಅಜಾಗರೂಕತೆಯಿಂದ ಮರಣವನ್ನುಂಟುಮಾಡಿದವನಿಗೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ ಆಗಬಹುದಿತ್ತು. ಅದೇ ಸಂಹಿತೆಯ ೮೮ನೆಯ ಕಲಮಿನ ಉದಾಹರಣೆಯಲ್ಲಿ, ಪ್ರಾಣಾಪಾಯವಿದೆಯೆಂದು ತಿಳಿದಿದ್ದರೂ ರೋಗಿಯ ಹಿತಕ್ಕಾಗಿ ಅವನ ಒಪ್ಪಿಗೆಯಿಂದ ಸದ್ಭಾವದಿಂದ ಕೊಯ್ಯುವ ಶಸ್ತ್ರವೈದ್ಯನಿಗೆ ರಕ್ಷಣೆಯನ್ನು ಕೊಡಲಾಗಿತ್ತು. ಸುಶ್ರುತನ ಅಶ್ಮರಿಯ ವಿಧಿಯೇ ರೋಗಿಯ ಒಪ್ಪಿಗೆಯನ್ನು ಸೇರಿಸಿಕೊಂಡು ಮರಳಿ ಬಂದಂತಿದೆ. ೧೯೬೫ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮಧ್ಯಪ್ರದೇಶದ ವ್ಯಾಜ್ಯವೊಂದರಲ್ಲಿ ಹೋಮಿಯೋಪತಿ ವೈದ್ಯನೊಬ್ಬನು ನಾರುಹುಣ್ಣಿಗೆಂದು ಹೆಂಗಸೊಬ್ಬಳಿಗೆ ದತ್ತೂರಿಯ ಸತ್ವವನ್ನೂ ಎಲೆಯನ್ನೂ ಕೊಟ್ಟು ಆಕೆಯ ಸಾವಿಗೆ ಕಾರಣನಾಗಿದ್ದನು. ಆ ವಿಷದ ಗುಣವನ್ನು ಚೆನ್ನಾಗಿ ಅರಿಯದೆ ಕೊಟ್ಟುದೇ ದುಡುಕೆಂದು ನ್ಯಾಯಾಲಯವು ಹೇಳಿತು, ಕೊಲೆಯೆಂದು ಒಪ್ಪಲಿಲ್ಲ.

೨೦೦೫ನೆಯ ಇಸವಿ ಆಗಸ್ಟ್ ೫ರಂದು ಜೇಕಬ್ ಮ್ಯಾಥ್ಯೂ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಕೊಟ್ಟ ತೀರ್ಪು ಈ ಪ್ರಕರಣದ ಕೇಂದ್ರವೆನ್ನಬಹುದು. ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರಾಟಕ್ಕೆ ಕಷ್ಟಪಡುತ್ತಿದ್ದ ರೋಗಿಗೆ ತಂದ ಆಮ್ಲಜನಕದ ಕೊಳವೆ ಬರಿದಾಗಿತ್ತು; ರೋಗಿಯು ತೀರಿಕೊಂಡನು; ವೈದ್ಯರ ಮೇಲೆ ಫೌಜುದಾರಿ ಮೊಕದ್ದಮೆ ನಡೆಯಿತು. ವೈದ್ಯನನ್ನು ದಂಡನೆಗೆ ಗುರಿಮಾಡಬೇಕಾದರೆ ಅವನ ಅಜಾಗರೂಕತೆಯು ಅತ್ಯಂತ ಹೆಚ್ಚಿನದಾಗಿರಬೇಕು, ಪರಿಹಾರಕ್ಕೆ ಸಾಕಾಗುವಷ್ಟು ತಪ್ಪು ದಂಡಕ್ಕೆ ಸಾಲದು ಎಂದು ನ್ಯಾಯಾಧೀಶರು ತೀರ್ಮಾನಿಸಿ ಮೊಕದ್ದಮೆಯನ್ನು ರದ್ದುಪಡಿಸಿದರು. ಅಂಜಿಕೆಯಿಂದ ನಡುಗುವ ಕೈಯಿಂದ ಶಸ್ತ್ರಕರ್ಮವು ಸಾಧ್ಯವಿಲ್ಲವೆಂಬ ಕಾರಣವನ್ನೂ ಕೊಟ್ಟರು. ಅದೇ ವಿದ್ಯೆಯಲ್ಲಿ ನಿಪುಣನಾದ ಇನ್ನೊಬ್ಬ ವೈದ್ಯನ ನಿಷ್ಪಕ್ಷಪಾತವಾದ ಅಭಿಪ್ರಾಯವನ್ನು ಪಡೆಯದೆ ಮುಂದುವರಿಯಬಾರದೆಂದೂ, ವಾಡಿಕೆಯಂತೆ ವೈದ್ಯನನ್ನು ಬಂಧಿಸಬಾರದೆಂದೂ ವಿಧಿಸಿದರು. ಸುಶ್ರುತನ ಭಯವೆಂಬ ಕಾರಣಕ್ಕೆ ಇಲ್ಲಿ ಪೂರ್ಣವಾದ ಮನ್ನಣೆ ದೊರೆತಿದೆ. ಆದರೆ ವೈದ್ಯನ ತಪ್ಪಿಗೆ ವೈದ್ಯನೇ ಸಾಕ್ಷಿಯೆಂಬ ಏರ್ಪಾಡಿನಲ್ಲಿ ಬಡ ರೋಗಿಯ ಕಡೆಯವರಿಗೆ ಅಂತಹ ಸಾಕ್ಷಿಯು ಸಿಕ್ಕುವುದು ಎಷ್ಟು ದುರ್ಲಭವೆಂಬುದನ್ನೂ ಹೇಳಲೇಬೇಕು. ಕೆಲವು ತಪ್ಪುಗಳಿಗಂತೂ ಪಂಡಿತನ ಸಾಕ್ಷಿ ಬೇಕೆನ್ನುವುದೇ ವಿನೋದ. ೧೯೬೩ರಲ್ಲಿ ಔರಂಗಾಬಾದಿನ ಸರಕಾರೀ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ಸಂತಾನನಿರೋಧದ ಶಸ್ತ್ರಕ್ರಿಯೆ ಮಾಡಿ ಹೊಟ್ಟೆಯೊಳಗೆ ಬಟ್ಟೆಯನ್ನು ಮರೆತು ಹೊಲಿದರು, ಆಕೆ ಸತ್ತಳು. ಹಣದ ಪರಿಹಾರವು ಸಿಕ್ಕಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದುದು ೧೯೯೬ರಲ್ಲಿ, ಮೂವತ್ತಮೂರು ವರ್ಷಗಳ ತರುವಾಯ.

೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮು ಪಂಡಿತರ ಆಸಕ್ತಿಗೆ ವಿಶೇಷವಾಗಿ ಯೋಗ್ಯವಾಗಿದೆ. ಅಜಾಗರೂಕತೆಯ ಮರಣಕ್ಕೆ ಸಾಮಾನ್ಯನಿಗೆ ಐದು ವರ್ಷಗಳವರೆಗೆ ಸೆರೆ. ಚಿಕಿತ್ಸೆ ಮಾಡುವಾಗ ಅದೇ ತಪ್ಪನ್ನು ಮಾಡಿದ ನೋಂದಾಯಿತ ವೈದ್ಯನಿಗೆ ಎರಡೇ ವರ್ಷಗಳವರೆಗೆ. ನೋಂದಣಿಯಿಲ್ಲದೆ ವೈದ್ಯನೆಂದು ಹೇಳಿಕೊಳ್ಳುವವನಿಗೆ ಈ ರಿಯಾಯಿತಿಯಿಲ್ಲ. ಅಷ್ಟಲ್ಲದೆ ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಂತೆ ನೋಂದಣಿಯಿಲ್ಲದ ವೃತ್ತಿಗೇ ಒಂದು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಎಳೆದ ಗೆರೆಯೇ ಇದು. ಅಂತರವಿಷ್ಟೆ: ಅವನು ಬಲ್ಲ ವೈದ್ಯನನ್ನು ಗೆರೆಯ ಹೊರಗೇ ಬಿಟ್ಟನು, ಈಗಿನ ಶಾಸನವು ಕೌಟಿಲ್ಯನನ್ನು ಅನುಸರಿಸಿ ಅವನನ್ನು ಒಳಗೆ ತಂದು ದಂಡವನ್ನು ಇಳಿಸಿದೆ.

ಈ ಗೆರೆಯ ಎರಡು ಬದಿಗೂ ಸಲ್ಲದ ಒಂದು ಬಗೆಯ ವೈದ್ಯನುಂಟು. ಅವನು ಓದಿದವನು, ಆದುದರಿಂದ ಮಿಥ್ಯಾವೈದ್ಯನಲ್ಲ. ಕೈ ನುರಿತವನು, ಆದುದರಿಂದ ಪ್ರಮತ್ತನೂ ಅಲ್ಲ. ಬೇಕಿಲ್ಲದ ಕಡೆ ಬೇಕೆಂದು ತಿಳಿದೇ ಕೊಯ್ಯುವವನು. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತರ ಕೇರಿಗಳ ಹೆಂಗಸರಿಗೆ, ಬೆನ್ನುನೋವು, ಬಿಳಿಸೆರಗುಗಳಂತಹ ಸಾಮಾನ್ಯ ವ್ಯಾಧಿಗಳಿಗಾಗಿ ಖಾಸಗಿ ಆಸ್ಪತ್ರೆಗಳು ಗರ್ಭಕೋಶವನ್ನೇ ತೆಗೆದುಹಾಕಿದುವೆಂಬ ದೂರು ೨೦೧೫ರ ಸುಮಾರಿಗೆ ಸರಕಾರದ ವಿಚಾರಣೆಗೆ ಬಂತು. ವಿಜ್ಞಾನೇಶ್ವರನ ಕಲ್ಯಾಣವು ಆ ಸೀಮೆಗೆ ದೂರವಲ್ಲ. ಇಲ್ಲಿ ಛೇದನವು ಹೀನವೂ ಅಲ್ಲ, ಓರೆಯೂ ಅಲ್ಲ. ಶಸ್ತ್ರವು ಸರಿಯಾಗಿಯೇ ನಡೆದಿರಬಹುದು, ರೋಗಿಯು ಬದುಕಿಯೂ ಇರುವಳು. ಮರಣವಿಲ್ಲದುದರಿಂದ ೩೦೪-ಎ ಕಲಮು ಅತ್ತ ಸುಳಿಯದು. ಹೆಬ್ಬೆಟ್ಟಿನ ಗುರುತನ್ನು ಒತ್ತಿಸಿಕೊಂಡಿದ್ದರೆ ಒಪ್ಪಿಗೆಯೂ ಇದ್ದಂತಾಯಿತು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಗರ್ಭಕೋಶವನ್ನು ತೆಗೆಯುವುದಕ್ಕೆ ಒಪ್ಪಿಗೆಯಾಗದೆಂದೂ, ರೋಗಿಗೆ ಅಪಾಯವನ್ನೂ ಬೇರೆ ಉಪಾಯಗಳನ್ನೂ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆಯೆಂದೂ ಸ್ಪಷ್ಟಪಡಿಸಿರುವುದು. ಆದರೆ ಅದು ಪರಿಹಾರದ ವ್ಯಾಜ್ಯ, ದಂಡದ್ದಲ್ಲ.

ಶಾಸ್ತ್ರದ ಭಂಡಾರದಲ್ಲಿ ಇವನಿಗೆ ತಕ್ಕ ಮಾತು ಮೂರು ಕಡೆ ಚದರಿ ಬಿದ್ದಿರುವುದು. ಕೆಟ್ಟ ಶಸ್ತ್ರಪ್ರಯೋಗಕ್ಕೆ ಸುಶ್ರುತನು ಹೇಳುವ ಕಾರಣಗಳಲ್ಲಿ ಅಜ್ಞಾನದ ಮಗ್ಗುಲಲ್ಲಿಯೇ ಇರುವ ಲೋಭವು ಒಂದು. ರೋಗಿಯ ಹಣವನ್ನು ಸುಳ್ಳಿನಿಂದ ತೆಗೆದವನಿಗೆ ಬೃಹಸ್ಪತಿಯು ವಿಧಿಸಿದ ಕಳ್ಳನ ದಂಡವು ಎರಡನೆಯದು. ಅವನ ಸುಳ್ಳು ವಿದ್ಯೆಯನ್ನು ಕುರಿತದ್ದು, ಇವನ ಸುಳ್ಳು ರೋಗವನ್ನು ಕುರಿತದ್ದು. ಮೂರನೆಯದು ಕೌಟಿಲ್ಯನ ಮರ್ಮವಧದ ಸೂತ್ರ. ಅದರಲ್ಲಿ ಮರಣದ ಮಾತಿಲ್ಲ, ಪ್ರಮ��ದದ ಮಾತೂ ಇಲ್ಲ. ಅಂಗವು ಊನವಾಯಿತೆ ಎಂಬುದೊಂದೇ ಪ್ರಶ್ನೆ, ಆಗಿದ್ದರೆ ಅದು ಚಿಕಿತ್ಸೆಯಲ್ಲ, ಹೊಡೆತ. ಶಾಮಶಾಸ್ತ್ರಿಗಳ ಪಾಠವನ್ನು ಹಿಡಿದರೆ ಈ ಅರ್ಥವು ದೊರೆಯಲಾರದು. ಅರ್ಥಶಾಸ್ತ್ರವನ್ನು ಪಾಠಹೇಳುವವರು ಈ ಸೂತ್ರದಲ್ಲಿ ಎರಡು ಪಾಠಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಯಾವ ಪಾಠದಿಂದ ಯಾವ ರೋಗಿಗೆ ರಕ್ಷಣೆಯುಂಟಾಗುವುದೆಂಬುದನ್ನು ತೋರಿಸಿಕೊಡುವುದು ಉಚಿತ.